ಹುಳ ಸಿಗಲಿಲ್ಲ

ಅತ್ತಾವರದ ಲ್ಯಾಬಿನಲ್ಲಿ ಬೆಳಗ್ಗೆ ಎಂಟೂವರೆಗೆ
ಮೇಣದ ಬಿಲ್ಲೆಯೊಂದು ನನ್ನ ಕೈಗೆ ಬಂತು.
ಒಳಗೆ ಬೆಂಕಿಕಡ್ಡಿಯ ಅರ್ಧದಷ್ಟು ಸಪೂರ ತುಣುಕು:
ಚಿರಾಯು ಪುತ್ರನ್, ಆರು ವರ್ಷ, ತೋಟ ಬೆಂಗ್ರೆ.
ಚೀಟಿಯಲ್ಲಿ ಲಿವರ್ ಎಂದಿತ್ತು.
ನನ್ನ ಅಜ್ಜಿ ಅದಕ್ಕೆ ಈಲಿ ಎನ್ನುತ್ತಿದ್ದಳು,
ಸಂಕಟವಾದಾಗ ಹೊಟ್ಟೆಯ ಬಲಕ್ಕೆ ಕೈಯಿಟ್ಟು.

ಅಲಗು ಹರಿಯಿತು. ಕೂದಲಿಗಿಂತ ತೆಳುವಾದ ಪದರಗಳು
ಒಂದಕ್ಕೊಂದು ಅಂಟಿ ರಿಬ್ಬನ್ನಾಗಿ
ಬೆಚ್ಚಗಿನ ನೀರಿನ ಮೇಲೆ ತೇಲಿದವು.
ನೀಲಿಯಲ್ಲಿ ಒಮ್ಮೆ, ಕೆಂಪಿನಲ್ಲಿ ಒಮ್ಮೆ ಅದ್ದಿ
ಕಣ್ಣಿಟ್ಟೆ.

ಊರೇ ಕಾಣುತ್ತದೆ ಮಾರಾಯ್ರೆ.
ಕರುಳಿನ ಕಡೆಯಿಂದ ಬರುವ ರಕ್ತಕ್ಕೆಲ್ಲ ಇದೊಂದೇ ದಕ್ಕೆ;
ತಿಂದದ್ದು, ಕುಡಿದದ್ದು, ಆಡುತ್ತ ಬೆರಳು ನೆಕ್ಕಿದ್ದು
ಎಲ್ಲ ಇಲ್ಲೇ ಇಳಿಯಬೇಕು.
ಕಾಲುವೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ,
ಕುಪ್ಫರ್ ಎಂದು ಇವರ ಕುಲದ ಹೆಸರು.
ಹುಡುಗ ಬಸಿರಲ್ಲಿದ್ದಾಗಲೇ ಬಂದು ನೆಲೆ ನಿಂತವರು,
ಆಮೇಲೆ ಎದ್ದು ಬೇರೆಡೆ ಹೋದದ್ದಿಲ್ಲ.
ಬುಟ್ಟಿ ಮುಂದಿಟ್ಟ ಮೀನಿನ ಹೆಂಗಸರ ಹಾಗೆ
ಬಂದದ್ದನ್ನೆಲ್ಲ ಮೂಸಿ, ಕಿವಿರೆತ್ತಿ ನೋಡಿ,
ಕೆಟ್ಟದ್ದನ್ನು ತಾವೇ ನುಂಗಿ ಸುಮ್ಮನಾಗುವವರು.

ಆದರೆ ಹುಳ ನುಂಗುವ ಗಾತ್ರದ್ದಲ್ಲ.
ಬೆಂಗ್ರೆಯ ಹೊಯ್ಗೆಯಲ್ಲಿ ನಾಯಿ ಬಿಟ್ಟುಹೋದ ಮೊಟ್ಟೆ
ಉಗುರಿನಿಂದ ಬಾಯಿಗೆ, ಬಾಯಿಂದ ಕರುಳಿಗೆ,
ಅಲ್ಲಿ ಒಡೆದು ಮರಿಯಾಗಿ, ಗೋಡೆ ಕೊರೆದು
ರಕ್ತ ಹಿಡಿದು ಬಂದಿತ್ತು, ನಾಯಿಯ ಮೈಯೆಂದೇ ತಿಳಿದು.
ಮನುಷ್ಯನೊಳಗೆ ಅದು ದೊಡ್ಡದಾಗುವುದಿಲ್ಲ,
ಮೊಟ್ಟೆ ಇಡುವುದಿಲ್ಲ.
ಹಿಂದೆ ಹೋಗಲೂ ದಾರಿಯಿಲ್ಲ.
ತಿರುಗುತ್ತದೆ, ಅಷ್ಟೆ.

ಈಗ ಬಂದವರನ್ನು ನೋಡಿ:
ಮೂಳೆಯ ಮಜ್ಜೆಯಿಂದ ಹೊರಟ ಇಯೊಸಿನೊಫಿಲ್‌ಗಳು,
ಮೈತುಂಬ ಕೆಂಪು ಕಾಳು, ಇಬ್ಭಾಗವಾದ ನ್ಯೂಕ್ಲಿಯಸ್ಸು
ಮೂಗಿಗೆ ಇಳಿದ ಕನ್ನಡಕದ ಹಾಗೆ.
ನುಂಗಲಾಗದ್ದನ್ನು ಇವರು ಸುಡುತ್ತಾರೆ;
ಹುಳದ ಚರ್ಮಕ್ಕೆ ಅಂಟಿ, ಕಾಳನ್ನೆಲ್ಲ ಅದರ ಮೇಲೆ ಸುರಿದು
ತಾವೂ ಅಲ್ಲೇ ಒಡೆದುಹೋಗುತ್ತಾರೆ.
ಕುಪ್ಫರ್ ಮನೆಯವರಲ್ಲೂ ಎಷ್ಟೋ ಮಂದಿ ಆ ಗದ್ದಲದಲ್ಲಿ ಸತ್ತರು.
ಖಾಲಿಬಿದ್ದ ಜಾಗಕ್ಕೆ ಮಜ್ಜೆಯಿಂದಲೇ ಬೇರೆ ಹೊಸಬರು ಬಂದು ಕೂತರು.
ಕೆಲಸ ಗೊತ್ತಿರಲಿಲ್ಲ, ಗೋಡೆಯೇ ಕಲಿಸಿತು.
ಕೆಲವು ವಾರ ಕಳೆದರೆ
ಯಾರು ಬಸಿರಲ್ಲಿ ಬಂದವರು, ಯಾರು ಮೊನ್ನೆಯವರು
ಇಷ್ಟು ವರ್ಷ ನೋಡಿದ ನನಗೂ ಹೇಳಲು ಬರುವುದಿಲ್ಲ.

ಇವರೆಲ್ಲರ ಸುತ್ತ ನಾರಿನದೊಂದು ತಡೆಗೋಡೆ ಏಳುತ್ತಿತ್ತು.
ಅದೂ ಪುಕ್ಕಟೆಯಲ್ಲ.
ಎಲ್ಲಿ ನಿಲ್ಲಿಸಬೇಕೆಂದು ಕಟ್ಟುವವರಿಗೆ ತಿಳಿಯದಿದ್ದರೆ
ಕಡಲಿಗೆ ಕಲ್ಲು ಹಾಕಿದ ಕಡೆ ಪಕ್ಕದವರ ತೆಂಗು ಉರುಳುವ ಹಾಗೆ,
ಕಂಡಿದ್ದೇವಲ್ಲ ನಾವು,
ಕಾದದ್ದೇ ಕಾಯಿಲೆಯಾಗುತ್ತದೆ.

"ಹುಳ ಎಲ್ಲುಂಟು?" ಫ್ಲೋಸಿ ಡಾಕ್ಟರ್ ಕೇಳಿದರು.
"ಇನ್ನೂ ಕತ್ತರಿಸಿ."
ಹತ್ತು, ಇಪ್ಪತ್ತು, ನಲವತ್ತೊಂದು.
ತುಣುಕು ಮುಗಿದು ಬರೀ ಮೇಣ ಬಂತು.
ಆ ಕೆಂಪು ಗುಂಪಿನ ನಡುವೆ ಹುಳ ಇರಲಿಲ್ಲ.
ಇದ್ದದ್ದು ಎರಡೂ ತುದಿ ಚೂಪಾದ ಹರಳುಗಳು,
ಸತ್ತ ಕಾವಲಿನವರು ಬಿಟ್ಟುಹೋದ ಸೂಜಿಗಳು.
ಕರಗಿತೋ, ದಾಟಿತೋ.
ಡಾಕ್ಟರು ಬಹಳ ಹೊತ್ತು ನೋಡಿ ಬರೆದರು:
ಹುಳ ಕಂಡಿಲ್ಲ, ಬಂದುಹೋದ ಗುರುತು ಉಂಟು.

ಸಂಜೆ ವಾರಿಜ ಕೌಂಟರಿನ ಹತ್ತಿರ ನಿಂತಿದ್ದಳು,
ಸುಲ್ತಾನ್ ಬತ್ತೇರಿಯ ದೋಣಿ ತಪ್ಪೀತೆಂದು
ಒಂದು ಕಾಲು ಬಾಗಿಲಾಚೆಗೇ ಇಟ್ಟು.
ರಿಪೋರ್ಟು ಮಡಚಿ ಬ್ಲೌಸಿಗೆ ಸಿಕ್ಕಿಸಿ, ಕೇಳಿದ್ದು ಒಂದೇ:
"ನಾಯಿಯನ್ನು ಎಲ್ಲಾದರೂ ಬಿಟ್ಟು ಬರಬೇಕಾ?"
ಹುಡುಗ ಅವಳ ಸೆರಗಿನ ಹಿಂದಿನಿಂದ
ನನ್ನ ಬಾಯಿಯನ್ನೇ ನೋಡುತ್ತಿದ್ದ.
ಬೇಡ, ಅದಕ್ಕೂ ಹುಳದ ಮದ್ದು ಹಾಕಿಸಿ,
ಹೊಯ್ಗೆಯಲ್ಲಿ ಆಡಿದ ಮೇಲೆ ಇವನ ಕೈ ತೊಳೆಸಿ, ಎಂದೆ.
ಎಲ್ಲಿ, ತೋರಿಸು ಕೈ.
ಅಡಗಿಸಿಕೊಂಡಿದ್ದವನು ಒಂದೊಂದೇ ಬೆರಳು ಬಿಡಿಸಿದ.
ಉಗುರಿನ ಸಂದಿಯಲ್ಲಿ ಬೆಂಗ್ರೆ ಇನ್ನೂ ಇತ್ತು.